ಒರಿಜಿನ್/ಮೇನ್ ಇರುವುದು ನಿಮ್ಮ ಕಂಪ್ಯೂಟರಿನಲ್ಲೇ

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ಗಿಟ್

ಪ್ರೋಗ್ರಾಂ ಫೈಲುಗಳ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶ ಗಿಟ್. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಅದರ ಬಗ್ಗೆ ಬಂದ ಪ್ರಶ್ನೆಗಳು ಬೇರೆ ಬೇರೆ ಅನ್ನಿಸಿದರೂ ಗಂಟು ಒಂದೇ: ನಮ್ಮ ಕಡೆಯ ಬ್ರಾಂಚ್ ಯಾವುದು, ಸರ್ವರ್ ಕಡೆಯದು ಯಾವುದು? ಅದಕ್ಕೇ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೊಸಬರಿಗಾಗಿ ಕೆಲವು ಪದ: ಕಮಿಟ್ ಎಂದರೆ ದಾಖಲಿಸಿದ ಒಂದು ಬದಲಾವಣೆ, ಬ್ರಾಂಚ್ ಎಂದರೆ ಕಮಿಟುಗಳ ಒಂದು ಸಾಲಿಗಿಟ್ಟ ಹೆಸರು, ರೆಪೊ ಎಂದರೆ ಇವೆಲ್ಲ ಇರುವ ಉಗ್ರಾಣ, ಗಿಟ್‌ಹಬ್ ಎಂದರೆ ರೆಪೊಗಳನ್ನು ಇಡುವ ಜಾಲತಾಣ. ಪುಶ್ ಎಂದರೆ ಸರ್ವರಿಗೆ ಕಳಿಸುವುದು, ಪುಲ್ ಎಂದರೆ ಅಲ್ಲಿಂದ ತಂದು ಜೋಡಿಸುವುದು, ಕ್ಲೋನ್ ಎಂದರೆ ರೆಪೊದ ಪ್ರತಿ ಇಳಿಸಿಕೊಳ್ಳುವುದು, ಮರ್ಜ್ ಎಂದರೆ ಒಂದು ಬ್ರಾಂಚಿಗೆ ಇನ್ನೊಂದನ್ನು ಸೇರಿಸುವುದು. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿದೆ. ಟರ್ಮಿನಲ್‌ನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಅಡ್ಡಗೆರೆ ಒಂದಿದ್ದಲ್ಲಿ ಒಂದು, ಎರಡಿದ್ದಲ್ಲಿ ಎರಡು.

ಪ್ರಶ್ನೆ: ಸರ್, ನಾವು ನಾಲ್ಕು ಜನ ಸೇರಿ ಕೊನೆ ವರ್ಷದ ಪ್ರಾಜೆಕ್ಟ್ ಮಾಡ್ತಿದ್ದೀವಿ. ಗೆಳತಿ ನಿನ್ನೆ ರಾತ್ರಿ ಪುಶ್ ಮಾಡಿದ್ದಾಳೆ, ಗಿಟ್‌ಹಬ್ ಪುಟದಲ್ಲೂ ಕಾಣಿಸ್ತಿದೆ. ನಾನು 'ಗಿಟ್ ಸ್ಟೇಟಸ್' ಹೊಡೆದರೆ ಮಾತ್ರ ನನ್ನ ಬ್ರಾಂಚು ಒರಿಜಿನ್/ಮೇನ್ ಜೊತೆ 'ಅಪ್ ಟು ಡೇಟ್' ಅಂತ ಬರುತ್ತೆ. ಗಿಟ್ ಸುಳ್ಳು ಹೇಳುತ್ತಾ?
ಬಿ.ಇ. ವಿದ್ಯಾರ್ಥಿನಿ, ಬಳ್ಳಾರಿ

ಸುಳ್ಳಲ್ಲ, ಹಳೆಯ ಸುದ್ದಿ. ಗಿಟ್ ಸ್ಟೇಟಸ್ ಇಂಟರ್‌ನೆಟ್ ಕಡೆ ತಿರುಗಿಯೂ ನೋಡುವುದಿಲ್ಲ. ವೈಫೈ ಆಫ್ ಮಾಡಿ ಹೊಡೆದು ನೋಡಿ, ಅದೇ ಉತ್ತರ ಬರುತ್ತದೆ.

ಮುಖ್ಯ ಬ್ರಾಂಚಿಗೆ ಮೇನ್ ಎಂದು ಹೆಸರು. ಆ ಒಂದು ಹೆಸರಿನ ಹಿಂದೆ ಮೂರು ಇವೆ. ಒಂದು, ನಿಮ್ಮ ಕಂಪ್ಯೂಟರಿನ ಮೇನ್. ನೀವು ಕಮಿಟ್ ಮಾಡಿದಾಗಲೆಲ್ಲ ಒಂದು ಹೆಜ್ಜೆ ಮುಂದೆ ಹೋಗುವುದು ಇದು. ಇನ್ನೊಂದು, ಸರ್ವರಿನ ಮೇನ್. ಯಾರಾದರೂ ಪುಶ್ ಮಾಡಿದಾಗ, ಇಲ್ಲವೇ ಗಿಟ್‌ಹಬ್ ಪುಟದಲ್ಲೇ ಮರ್ಜ್ ಬಟನ್ ಒತ್ತಿದಾಗ ಅದು ಸರಿಯುತ್ತದೆ. ಮೂರನೆಯದು ಒರಿಜಿನ್/ಮೇನ್ (ಕ್ಲೋನ್ ಮಾಡಿದ ಜಾಗಕ್ಕೆ ಗಿಟ್ ಇಡುವ ಹೆಸರು ಒರಿಜಿನ್). ಹೆಸರು ಕೇಳಿದರೆ ಸರ್ವರಿನದು ಅನ್ನಿಸುತ್ತದೆ, ಇರುವುದು ಮಾತ್ರ ನಿಮ್ಮ ಕಂಪ್ಯೂಟರಿನಲ್ಲೇ. ಕಳೆದ ಸಲ ಸರ್ವರನ್ನು ಮಾತಾಡಿಸಿದಾಗ ಅದರ ಮೇನ್ ಎಲ್ಲಿತ್ತು ಎಂದು ಗಿಟ್ ಬರೆದಿಟ್ಟುಕೊಂಡ ಚೀಟಿ ಅದು. ಸ್ಟೇಟಸ್ ಹೋಲಿಸುವುದು ಮೊದಲನೆಯದನ್ನು ಈ ಚೀಟಿಯ ಜೊತೆ.

ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ರೈತರೊಬ್ಬರು ಮುನಿರಾಬಾದಿಗೆ ಫೋನ್ ಹಚ್ಚಿ ಡ್ಯಾಮಿನ ಮಟ್ಟ ಕೇಳಿದರು ಅಂದುಕೊಳ್ಳಿ. 1,621 ಅಡಿ ಎಂದರು, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡರು. ಆಮೇಲೆ ಒಳಹರಿವು ಹೆಚ್ಚಿ ಡ್ಯಾಮು 1,633 ಅಡಿಯ ಪೂರ್ಣಮಟ್ಟ ಮುಟ್ಟಿದರೂ ಕ್ಯಾಲೆಂಡರಿನ ಅಂಕಿ ತಾನಾಗಿ ಏರುವುದಿಲ್ಲ, ಮತ್ತೆ ಫೋನ್ ಮಾಡಬೇಕು. ಆ ಅಂಕಿ ಒರಿಜಿನ್/ಮೇನ್. ಫೋನ್ ಮಾಡುವುದು 'ಗಿಟ್ ಫೆಚ್'. ಬೇರೆಯವರು ಮಾಡಿದ ಕೆಲಸ ಚೀಟಿಗೆ ಬರಲು ಬೇರೆ ದಾರಿಯಿಲ್ಲ. (ಪುಲ್ ಎಂದರೂ ಮೊದಲು ಫೆಚ್ಚೇ. ನೀವು ಪುಶ್ ಮಾಡಿ ಅದು ಒಪ್ಪಿಗೆಯಾದಾಗಲೂ ಚೀಟಿ ತಿದ್ದಿಕೊಳ್ಳುತ್ತದೆ.)

ನಂಬಿಕೆ ಬರದಿದ್ದರೆ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಮರೆಯಾಗಿರುವ .ಗಿಟ್ ಫೋಲ್ಡರ್ ತೆರೆಯಿರಿ. ಒಳಗೆ ರೆಫ್ಸ್, ಅದರೊಳಗೆ ಹೆಡ್ಸ್, ಅಲ್ಲಿ ಮೇನ್ ಎಂಬ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದರೆ ಒಂದೇ ಸಾಲು: ಕಮಿಟ್‌ನ 40 ಅಕ್ಷರದ ಗುರುತು. ಸಾಲಿನ ಕೊನೆಯ ಚಿಹ್ನೆಯೂ ಸೇರಿ 41 ಬೈಟ್. ಗಿಟ್‌ನಲ್ಲಿ ಬ್ರಾಂಚ್ ಎಂದರೆ ಇಷ್ಟೇ. ಅದಕ್ಕೇ ಬ್ರಾಂಚ್ ಮಾಡುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಈಗ ರೆಫ್ಸ್ ಒಳಗಿನ ರಿಮೋಟ್ಸ್, ಅದರೊಳಗಿನ ಒರಿಜಿನ್ ಫೋಲ್ಡರಿಗೆ ಹೋಗಿ. ಅಲ್ಲಿ ಇನ್ನೊಂದು ಮೇನ್ ಇರುತ್ತದೆ. ಅದೇ ಚೀಟಿ. ಹೊಸದಾಗಿ ಕ್ಲೋನ್ ಮಾಡಿದ ರೆಪೊದಲ್ಲಿ ಆ ಫೈಲು ಸಿಗದೆ ಹೋಗಬಹುದು. ಆಗ .ಗಿಟ್ ಒಳಗಿನ ಪ್ಯಾಕ್ಡ್-ರೆಫ್ಸ್ ಎಂಬ ಫೈಲಿನಲ್ಲಿ ಎಲ್ಲ ಸಾಲಾಗಿ ಇರುತ್ತವೆ. ನೋಡಿ, ಆದರೆ ಕೈಯಿಂದ ತಿದ್ದಬೇಡಿ.

ಈಗ ಮಾಡಬೇಕಾದ್ದು: 'ಗಿಟ್ ಫೆಚ್' ಹೊಡೆದು ಮತ್ತೆ ಸ್ಟೇಟಸ್ ನೋಡಿ. ಈ ಸಲ ಇಷ್ಟು ಕಮಿಟ್ 'ಬಿಹೈಂಡ್' ಎಂದು ಬರುತ್ತದೆ. ಫೆಚ್ ನಿಮ್ಮ ಫೈಲುಗಳ ಒಂದಕ್ಷರವನ್ನೂ ಮುಟ್ಟಿರುವುದಿಲ್ಲ, ಹಾಗಾಗಿ ದಿನಕ್ಕೆ ಹತ್ತು ಸಲ ಹೊಡೆದರೂ ಅಪಾಯವಿಲ್ಲ. ಗೆಳತಿ ಏನು ಮಾಡಿದ್ದಾಳೆಂದು 'ಗಿಟ್ ಲಾಗ್ --ಒನ್‌ಲೈನ್ ಮೇನ್..ಒರಿಜಿನ್/ಮೇನ್' ತೋರಿಸುತ್ತದೆ, ನಡುವೆ ಎರಡು ಚುಕ್ಕಿ. ಒಪ್ಪಿಗೆಯಾದರೆ 'ಗಿಟ್ ಮರ್ಜ್ --ಎಫ್‌ಎಫ್-ಓನ್ಲಿ ಒರಿಜಿನ್/ಮೇನ್'. ಎಲ್ಲ ಬ್ರಾಂಚುಗಳ ಸ್ಥಿತಿ ಒಂದೇ ನೋಟಕ್ಕೆ ಬೇಕೆಂದರೆ 'ಗಿಟ್ ಬ್ರಾಂಚ್ -ವಿವಿ'. ಪ್ರತಿ ಬ್ರಾಂಚಿನ ಮುಂದೆ ಚೌಕ ಕಂಸದೊಳಗೆ ಅದರ ಅಪ್‌ಸ್ಟ್ರೀಮ್ (ಸರ್ವರ್ ಕಡೆಯ ಜೋಡಿ ಬ್ರಾಂಚ್), ಎಷ್ಟು ಮುಂದೆ, ಎಷ್ಟು ಹಿಂದೆ ಎಲ್ಲ ಇರುತ್ತದೆ. ಇದೂ ಚೀಟಿ ನೋಡಿಯೇ ಹೇಳುವುದು, ಫೆಚ್ ಮಾಡದೆ ನೋಡಿದರೆ ಮತ್ತೆ ಹಳೆಯ ಸುದ್ದಿ. ಚೀಟಿ ಬಿಟ್ಟು ನೇರ ಸರ್ವರನ್ನೇ ಕೇಳುವ ಕಮಾಂಡ್ 'ಗಿಟ್ ಎಲ್‌ಎಸ್-ರಿಮೋಟ್ ಒರಿಜಿನ್'.

ಫೆಚ್ ಮಾಡಿದರೂ ಗೆಳತಿಯ ಹೊಸ ಬ್ರಾಂಚು ಬರುತ್ತಿಲ್ಲವೇ? ಡೇಟಾ ಉಳಿಸಲು '--ಡೆಪ್ತ್ 1' (ಕೊನೆಯ ಕಮಿಟ್ ಮಾತ್ರ ಸಾಕು) ಹಾಕಿ ಕ್ಲೋನ್ ಮಾಡಿದ್ದಿರಾ ನೆನಪಿಸಿಕೊಳ್ಳಿ. ಹಾಗೆ ಮಾಡಿದಾಗ ಗಿಟ್ ಒಂದೇ ಬ್ರಾಂಚನ್ನು ಗುರುತು ಹಾಕಿಕೊಳ್ಳುತ್ತದೆ, ಉಳಿದವನ್ನು ಮುಂದೆಯೂ ಕೇಳುವುದಿಲ್ಲ. 'ಗಿಟ್ ರಿಮೋಟ್ ಸೆಟ್-ಬ್ರಾಂಚಸ್ ಒರಿಜಿನ್', ಅದರ ಮುಂದೆ ಉದ್ಧರಣ ಚಿಹ್ನೆಯೊಳಗೆ ಒಂದು ನಕ್ಷತ್ರ ಹಾಕಿ ಎಂಟರ್ ಒತ್ತಿ, ಮತ್ತೆ ಫೆಚ್ ಮಾಡಿ.

ಪ್ರಶ್ನೆ: ಹತ್ತಿ ಅಡತಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೀತೀವ್ರಿ, ಮೂರು ಮಂದಿ. ಪುಶ್ ಹೊಡೆದ್ರ ಒಮ್ಮೆ 'ರಿಜೆಕ್ಟೆಡ್, ಫೆಚ್ ಫಸ್ಟ್' ಅಂತದ, ಒಮ್ಮೆ 'ನಾನ್-ಫಾಸ್ಟ್-ಫಾರ್ವರ್ಡ್' ಅಂತದ. ಪುಲ್ ಮಾಡಿದ್ರ ಇನ್ನೊಂದು ಎರರ್. ಕಡೀಗೆ ಹೊಸ ಫೋಲ್ಡರಿಗೆ ಕ್ಲೋನ್ ಮಾಡಿ, ನಮ್ಮ ಫೈಲ್ ಅದರ ಮ್ಯಾಲೆ ಕಾಪಿ ಹಾಕಿ ಪುಶ್ ಮಾಡಾಕತ್ತೀವಿ. ಸರಿ ದಾರಿ ಯಾವುದು?
ರಾಯಚೂರು

ಮೊದಲು ಆ ಕಾಪಿ ಹಾಕುವುದನ್ನು ನಿಲ್ಲಿಸಿ. ಜೊತೆಯವರು ಬೆಳಿಗ್ಗೆ ತಿದ್ದಿದ ಫೈಲಿನ ಮೇಲೆ ನಿಮ್ಮ ಹಳೆಯ ಫೈಲು ಕೂತರೆ, ಗಿಟ್ ಕಣ್ಣಿಗೆ ಅದು ನೀವೇ ಬೇಕೆಂದು ಅವರ ತಿದ್ದುಪಡಿ ಅಳಿಸಿದಂತೆ. ಕಾನ್‌ಫ್ಲಿಕ್ಟ್ (ಎರಡು ತಿದ್ದುಪಡಿಗಳ ತಿಕ್ಕಾಟ) ಬರುವುದಿಲ್ಲ, ಎಚ್ಚರಿಕೆ ಬರುವುದಿಲ್ಲ. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದಾಗಲೇ ಗೊತ್ತಾಗುವುದು.

ಸರ್ವರಿಗಿರುವುದು ಒಂದೇ ನಿಯಮ. ಈಗಿರುವ ತುದಿಯ ಕಮಿಟ್, ನೀವು ಕಳಿಸುವ ಹೊಸ ತುದಿಯ ಪೂರ್ವಜರಲ್ಲಿ ಒಂದಾಗಿರಬೇಕು. ಸರ್ವರಿನಲ್ಲಿ ಕ, ಖ, ಗ ಎಂಬ ಮೂರು ಕಮಿಟ್ ಸಾಲಾಗಿವೆ ಅನ್ನಿ. ನೀವು ಖ ಇದ್ದಾಗ ಪುಲ್ ಮಾಡಿಕೊಂಡು ಕೂತಿರಿ, ಅದರ ಮೇಲೆ ಘ ಮಾಡಿದಿರಿ. ನಿಮ್ಮ ಸಾಲು ಕ, ಖ, ಘ. ಸರ್ವರ್ ಇದನ್ನು ಹಾಗೇ ಒಪ್ಪಿಕೊಂಡರೆ ಅಲ್ಲಿನ ಮೇನ್ ಘ ಮೇಲೆ ಬಂದು ಕೂರುತ್ತದೆ, ಗ ಯಾವ ಬ್ರಾಂಚಿಗೂ ಸೇರದೆ ಅನಾಥವಾಗುತ್ತದೆ. ಅದಕ್ಕೇ ತಳ್ಳಿಹಾಕುತ್ತದೆ.

ಎರಡು ಸಂದೇಶಗಳ ವ್ಯತ್ಯಾಸ ಗಮನಿಸುವಂಥದ್ದು. 'ಫೆಚ್ ಫಸ್ಟ್' ಎಂದರೆ ಆ ಗ ನಿಮ್ಮ ಕಂಪ್ಯೂಟರಿಗೆ ಇನ್ನೂ ಬಂದೇ ಇಲ್ಲ. 'ನಾನ್-ಫಾಸ್ಟ್-ಫಾರ್ವರ್ಡ್' ಎಂದರೆ ಗ ನಿಮ್ಮ ಬಳಿ ಇದೆ, ಆದರೆ ನಿಮ್ಮ ಸಾಲಿನಲ್ಲಿ ಸೇರಿಲ್ಲ. ಫೆಚ್ ಮಾಡಿ ಜೋಡಿಸದೇ ಬಿಟ್ಟಾಗ ಇದು ಬರುತ್ತದೆ. ಪುಶ್ ಆಗಿಹೋದ ಕಮಿಟನ್ನು '--ಅಮೆಂಡ್' ಮಾಡಿದಾಗ (ತಿದ್ದಿ ಮತ್ತೆ ಬರೆದಾಗ), ರಿಬೇಸ್ ಮಾಡಿದಾಗಲೂ (ಬೇರೆ ತುದಿಯ ಮೇಲೆ ಹೊಸದಾಗಿ ಕೂರಿಸಿದಾಗಲೂ) ಇದೇ. ಹಾಗಾಗಿ ಎರಡನೆಯ ಸಂದೇಶ ಕಂಡರೆ 'ಬೇರೆಯವರು ಏನೋ ಮಾಡಿದ್ದಾರೆ' ಎನ್ನುವ ಮೊದಲು 'ನಾನೇ ಹಳೆಯ ಕಮಿಟ್ ತಿದ್ದಿದೆನಾ' ಎಂದು ಕೇಳಿಕೊಳ್ಳಿ.

ಪುಲ್‌ನಲ್ಲಿ ಬರುವ ಎರರ್ ಬಹುಶಃ 'ಡೈವರ್ಜೆಂಟ್ ಬ್ರಾಂಚಸ್' ಕುರಿತದ್ದು. 2021ರ ಆಗಸ್ಟ್‌ನಲ್ಲಿ ಬಂದ ಗಿಟ್‌ನ 2.33 ಆವೃತ್ತಿಯಿಂದ, ಎರಡೂ ಕಡೆ ಹೊಸ ಕಮಿಟ್ ಇದ್ದರೆ ಮರ್ಜ್ ಮಾಡಲೋ ರಿಬೇಸ್ ಮಾಡಲೋ ಎಂದು ನೀವು ಹೇಳುವ ತನಕ ಪುಲ್ ಮುಂದುವರಿಯುವುದಿಲ್ಲ. ಮೂರು ಜನರ ತಂಡಕ್ಕೆ ನಮ್ಮ ಸಲಹೆ ರಿಬೇಸ್. ಒಮ್ಮೆ 'ಗಿಟ್ ಕಾನ್‌ಫಿಗ್ --ಗ್ಲೋಬಲ್ ಪುಲ್.ರಿಬೇಸ್ ಟ್ರೂ' ಹೊಡೆದರೆ ಸಾಕು. ಇಲ್ಲವಾದರೆ ದಿನಕ್ಕೆ ನಾಲ್ಕು ಮರ್ಜ್ ಕಮಿಟ್ ಸೇರಿ ಲಾಗ್ ಓದುವುದೇ ಕಷ್ಟ.

ಕೆಲಸದ ಕ್ರಮ ಹೀಗಿರಲಿ. ಕೈಯಲ್ಲಿರುವುದನ್ನು ಕಮಿಟ್ ಮಾಡಿ. ಅರ್ಧಕ್ಕಿದ್ದರೆ 'ಗಿಟ್ ಸ್ಟ್ಯಾಶ್' ಹೊಡೆದು ಬದಿಗಿಡಿ, ಏಕೆಂದರೆ ಕಮಿಟ್ ಆಗದ ತಿದ್ದುಪಡಿ ಇದ್ದರೆ ರಿಬೇಸ್ ಶುರುವೇ ಆಗುವುದಿಲ್ಲ. ಆಮೇಲೆ 'ಗಿಟ್ ಫೆಚ್'. 'ಗಿಟ್ ಲಾಗ್ --ಒನ್‌ಲೈನ್ --ಲೆಫ್ಟ್-ರೈಟ್ ಮೇನ್...ಒರಿಜಿನ್/ಮೇನ್', ಇಲ್ಲಿ ಚುಕ್ಕಿ ಮೂರು. ಎಡಬಾಣದ ಸಾಲು ನಿಮ್ಮದು, ಬಲಬಾಣದ್ದು ಸರ್ವರಿನದು. ನೋಡಿಕೊಂಡು 'ಗಿಟ್ ರಿಬೇಸ್ ಒರಿಜಿನ್/ಮೇನ್'. ಈಗ ನಿಮ್ಮ ಘ, ಗ ಮೇಲೆ ಹೊಸದಾಗಿ ಕೂರುತ್ತದೆ. ಪ್ರೋಗ್ರಾಂ ಒಮ್ಮೆ ಓಡಿಸಿ ನೋಡಿ, ತಡಮಾಡದೆ ಪುಶ್ ಮಾಡಿ. ಊಟ ಮುಗಿಸಿ ಬಂದು ಮಾಡುತ್ತೇನೆಂದರೆ ಅಷ್ಟರಲ್ಲಿ ಇನ್ನೊಬ್ಬರು ಪುಶ್ ಮಾಡಿರುತ್ತಾರೆ, ಮತ್ತೆ ಮೊದಲಿನಿಂದ.

ಇಬ್ಬರೂ ಒಂದೇ ಸಾಲು ತಿದ್ದಿದ್ದರೆ ರಿಬೇಸ್ ನಡುವೆ ನಿಲ್ಲುತ್ತದೆ. ಫೈಲಿನಲ್ಲಿ ಹೀಗೆ ಕಾಣುತ್ತದೆ:

<<<<<<< ಹೆಡ್
ಹಮಾಲಿ_ದರ = 22
=======
ಹಮಾಲಿ_ದರ = 25
>>>>>>> (ದರ 25ಕ್ಕೆ ಏರಿಸಿದ್ದು)

ಇಲ್ಲಿ ಬಹಳ ಜನ ಎಡವುತ್ತಾರೆ. ಮರ್ಜ್‌ನಲ್ಲಿ 'ಹೆಡ್' (ಗಿಟ್ ಆಗ ನಿಂತಿರುವ ಕಮಿಟ್) ಎಂದರೆ ನಿಮ್ಮದು. ರಿಬೇಸ್‌ನಲ್ಲಿ ಉಲ್ಟಾ. ಗಿಟ್ ಮೊದಲು ಸರ್ವರಿನ ತುದಿಯ ಮೇಲೆ ಹೋಗಿ ನಿಂತು, ಅಲ್ಲಿಂದ ನಿಮ್ಮ ಕಮಿಟುಗಳನ್ನು ಒಂದೊಂದಾಗಿ ಕರೆದುಕೊಳ್ಳುತ್ತಿರುತ್ತದೆ. ಹಾಗಾಗಿ ಮೇಲಿನ 22 ಜೊತೆಯವರದು, ಕೆಳಗಿನ 25 ನಿಮ್ಮದು. '--ಅವರ್ಸ್' ಎಂದು ಕಣ್ಣುಮುಚ್ಚಿ ಹೊಡೆದರೆ ಉಳಿಯುವುದು ಅವರದು. ಯಾವುದು ಸರಿ ಎನ್ನುವುದನ್ನು ಗಿಟ್ ಹೇಳಲಾರದು, ಅಂಗಡಿಯವರನ್ನೇ ಕೇಳಿ. ಸರಿಯಾದ ಸಾಲು ಉಳಿಸಿ, ಮೂರೂ ಗುರುತಿನ ಗೆರೆ ಅಳಿಸಿ, 'ಗಿಟ್ ಆಡ್', ನಂತರ 'ಗಿಟ್ ರಿಬೇಸ್ --ಕಂಟಿನ್ಯೂ'. ತಲೆ ಕೆಟ್ಟರೆ 'ಗಿಟ್ ರಿಬೇಸ್ --ಅಬಾರ್ಟ್', ಶುರುವಾದ ಜಾಗಕ್ಕೇ ವಾಪಸ್.

ಪ್ರಶ್ನೆ: ಒರಿಜಿನ್/ಮೇನ್ ಮೇಲೆ ಹೋಗಲು 'ಗಿಟ್ ಚೆಕ್‌ಔಟ್ ಒರಿಜಿನ್/ಮೇನ್' ಹೊಡೆದೆ. 'ಡಿಟ್ಯಾಚ್ಡ್ ಹೆಡ್' ಎಂದಿತು. ಲೆಕ್ಕಿಸದೆ ಎರಡು ದಿನ ಕೆಲಸ ಮಾಡಿ, ಮೇನ್‌ಗೆ ವಾಪಸ್ ಬಂದೆ. ಕಮಿಟುಗಳೇ ಇಲ್ಲ!
ಸಂಡೂರು

ಇವೆ. ಚೀಟಿಯ ಮೇಲೆ ನಿಂತು ಕಮಿಟ್ ಮಾಡಲು ಬರುವುದಿಲ್ಲ, ಅದನ್ನು ತಿದ್ದುವ ಹಕ್ಕು ಫೆಚ್, ಪುಶ್‌ಗಳದು. ಹಾಗಾಗಿ ಗಿಟ್ ನಿಮ್ಮನ್ನು ಹೆಸರಿಲ್ಲದ ಜಾಗದಲ್ಲಿ ನಿಲ್ಲಿಸಿತು, ಎರಡು ದಿನದ ಕಮಿಟುಗಳಿಗೆ ಬ್ರಾಂಚಿನ ಹೆಸರು ಸಿಗಲಿಲ್ಲ. ನೀವು ನಿಂತ ಜಾಗಗಳ ದಾಖಲೆ ತೋರಿಸುವ 'ಗಿಟ್ ರೆಫ್‌ಲಾಗ್' ಹೊಡೆಯಿರಿ, ಮೇನ್‌ಗೆ ಬಂದ ಸಾಲಿನ ಕೆಳಗೇ ನಿಮ್ಮ ಕೊನೆಯ ಕಮಿಟ್ ಸಿಗುತ್ತದೆ. ಅದರ ಏಳಕ್ಷರದ ಗುರುತು ಹಿಡಿದು 'ಗಿಟ್ ಬ್ರಾಂಚ್ ಉಳಿಕೆ', ಮುಂದೆ ಆ ಗುರುತು. ಇಂಥ ಹೆಸರಿಲ್ಲದ ಕಮಿಟಿನ ರೆಫ್‌ಲಾಗ್ ದಾಖಲೆಗೆ ಡೀಫಾಲ್ಟ್ ಆಯುಷ್ಯ 30 ದಿನ, ಅಷ್ಟರೊಳಗೆ ಮಾಡಿ.

ಮುಂದಕ್ಕೆ 'ಚೆಕ್‌ಔಟ್' ಬಿಟ್ಟು 'ಗಿಟ್ ಸ್ವಿಚ್' ಬಳಸಿ. 2019ರ ಆಗಸ್ಟ್‌ನ 2.23ರಿಂದ ಇದೆ. 'ಗಿಟ್ ಸ್ವಿಚ್ ಒರಿಜಿನ್/ಮೇನ್' ಎಂದರೆ ಅದು ಒಪ್ಪುವುದೇ ಇಲ್ಲ. ಜೊತೆಯವರ 'ವರದಿ' ಎಂಬ ಬ್ರಾಂಚು ಬೇಕಿದ್ದರೆ ಫೆಚ್ ಮಾಡಿ ಬರಿದೇ 'ಗಿಟ್ ಸ್ವಿಚ್ ವರದಿ' ಅನ್ನಿ. ಆ ಹೆಸರಿನ ಬ್ರಾಂಚು ನಿಮ್ಮಲ್ಲಿ ಇಲ್ಲದೆ, ಒಂದೇ ಒಂದು ರಿಮೋಟ್‌ನಲ್ಲಿ ಇದ್ದರೆ, ನಿಮ್ಮ ಕಡೆ ಅದೇ ಹೆಸರಿನದನ್ನು ಮಾಡಿ, ಅಪ್‌ಸ್ಟ್ರೀಮ್ ಜೋಡಿಸಿ, ಅದರ ಮೇಲೆ ನಿಲ್ಲಿಸುತ್ತದೆ.

ಪ್ರಶ್ನೆ: ಅಕ್ಕಿ ಗಿರಣಿಯ ತೂಕ ಮತ್ತು ಬಿಲ್ಲಿಂಗ್ ಪ್ರೋಗ್ರಾಂ ನೋಡಿಕೊಳ್ಳುತ್ತೇನೆ. ಗಿರಣಿಯ ಕಂಪ್ಯೂಟರಿಗೆ ನೆಟ್ ಇಲ್ಲ, ಮನೆಯಲ್ಲಿದೆ. ಪೆನ್ ಡ್ರೈವ್ ಇಟ್ಟುಕೊಂಡು ಗಿಟ್ ನಡೆಸಬಹುದೇ? ಒಮ್ಮೆ ಪ್ರಯತ್ನಿಸಿದೆ, ಗಿರಣಿಯಲ್ಲಿ ಕ್ಲೋನ್ ಮಾಡಿದರೆ ಫೋಲ್ಡರ್ ಖಾಲಿ ಬಂತು.
ಗಂಗಾವತಿ

ಧಾರಾಳವಾಗಿ. ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್‌ಗಾಗಿ ಗಿಟ್ ಬರೆದಾಗ ಗಿಟ್‌ಹಬ್ ಇನ್ನೂ ಹುಟ್ಟಿರಲಿಲ್ಲ. ಗಿಟ್‌ಗೆ ರಿಮೋಟ್ ಎಂದರೆ ಇನ್ನೊಂದು ರೆಪೊ ಇರುವ ಜಾಗ, ಅಷ್ಟೇ. ಅದು ಅಮೆರಿಕದ ಸರ್ವರ್ ಆದರೂ ಸರಿ, ಪಕ್ಕದ ಫೋಲ್ಡರ್ ಆದರೂ ಸರಿ, ಜೇಬಿನ ಪೆನ್ ಡ್ರೈವ್ ಆದರೂ ಸರಿ.

ಪೆನ್ ಡ್ರೈವ್ ಇ: ಎಂದು ಬಂದಿದೆ ಅನ್ನಿ. ಮನೆಯಲ್ಲಿ 'ಗಿಟ್ ಇನಿಟ್ --ಬೇರ್ --ಇನಿಷಿಯಲ್-ಬ್ರಾಂಚ್=ಮೇನ್ ಇ:/ತೂಕ.ಗಿಟ್'. ಆಮೇಲೆ ಪ್ರಾಜೆಕ್ಟ್ ಫೋಲ್ಡರಿನೊಳಗೆ 'ಗಿಟ್ ರಿಮೋಟ್ ಆಡ್ ಪೆನ್ ಇ:/ತೂಕ.ಗಿಟ್', ನಂತರ 'ಗಿಟ್ ಪುಶ್ ಪೆನ್ ಮೇನ್'. ಗಿರಣಿಯಲ್ಲಿ 'ಗಿಟ್ ಕ್ಲೋನ್ ಇ:/ತೂಕ.ಗಿಟ್'. ಒಂದು ಸೂಕ್ಷ್ಮ: ಮನೆಯ ಕಂಪ್ಯೂಟರಿನಲ್ಲಿ ಪೆನ್ ಡ್ರೈವಿನ ಹೆಸರು 'ಪೆನ್', ಗಿರಣಿಯಲ್ಲಿ ಅದೇ 'ಒರಿಜಿನ್', ಏಕೆಂದರೆ ಕ್ಲೋನ್ ಮಾಡಿದ ಜಾಗಕ್ಕೆ ಗಿಟ್ ತಾನಾಗಿ ಇಡುವ ಹೆಸರು ಅದು. ಒರಿಜಿನ್ ಅನ್ನುವ ಪದಕ್ಕೆ ಬೇರೆ ಯಾವ ಮಹಿಮೆಯೂ ಇಲ್ಲ. ಮನೆಯಲ್ಲಿ ಗಿಟ್‌ಹಬ್ ಕೂಡ ಇದ್ದರೆ ಪೆನ್‌ಗೆ ಪುಶ್ ಮಾಡುವಾಗ '-ಯು' ಹಾಕಬೇಡಿ. ಹಾಕಿದರೆ ಮೇನ್‌ನ ಅಪ್‌ಸ್ಟ್ರೀಮ್ ಪೆನ್‌ಗೆ ಬದಲಾಗಿ, ಬರಿದೇ 'ಗಿಟ್ ಪುಲ್' ಎಂದಾಗ ಪೆನ್ ಡ್ರೈವ್ ಹುಡುಕಲು ಹೋಗುತ್ತದೆ.

'--ಬೇರ್' ಯಾಕೆ ಬೇಕು? ಮಾಮೂಲಿ ರೆಪೊದಲ್ಲಿ ಒಂದು ಬ್ರಾಂಚಿನ ಫೈಲುಗಳು ಫೋಲ್ಡರಿನಲ್ಲಿ ಬಿಚ್ಚಿಕೊಂಡಿರುತ್ತವೆ. ಹೊರಗಿನಿಂದ ಆ ಬ್ರಾಂಚಿಗೇ ಪುಶ್ ಮಾಡಿದರೆ ಬ್ರಾಂಚು ಮುಂದೆ ಹೋಗಿ ಫೈಲುಗಳು ಹಿಂದೆ ಉಳಿಯುತ್ತವೆ. ಹಾಗಾಗಿ ಗಿಟ್ ಅಂಥ ಪುಶ್ ಒಪ್ಪುವುದಿಲ್ಲ. ಬೇರ್ ರೆಪೊದಲ್ಲಿ ಬಿಚ್ಚಿದ ಫೈಲೇ ಇರುವುದಿಲ್ಲ, ಚರಿತ್ರೆ ಮಾತ್ರ.

ನಿಮಗೆ ಖಾಲಿ ಫೋಲ್ಡರ್ ಬಂದದ್ದು ಬಹುಮಟ್ಟಿಗೆ ಇದರಿಂದ: ಬೇರ್ ರೆಪೊ ಹುಟ್ಟುವಾಗ ತನ್ನ ಹೆಡ್ ಅನ್ನು 'ಮಾಸ್ಟರ್' ಕಡೆ ತೋರಿಸಿತು, ನೀವು ಪುಶ್ ಮಾಡಿದ್ದು 'ಮೇನ್'. ಕ್ಲೋನ್ ಮಾಡುವಾಗ ಗಿಟ್ ಹೆಡ್ ಹೇಳಿದ ಬ್ರಾಂಚು ಬಿಚ್ಚಲು ನೋಡುತ್ತದೆ. ಅಂಥದ್ದು ಇಲ್ಲ, ಒಂದು ಸಾಲಿನ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಡೇಟಾ ಎಲ್ಲ ಬಂದಿರುತ್ತದೆ. ಆ ಖಾಲಿ ಫೋಲ್ಡರಿನೊಳಗೆ 'ಗಿಟ್ ಸ್ವಿಚ್ ಮೇನ್' ಹೊಡೆದರೆ ಫೈಲುಗಳು ಪ್ರತ್ಯಕ್ಷ. ಮತ್ತೆ ಹೀಗಾಗದಂತೆ ಪೆನ್ ಡ್ರೈವಿನ ತೂಕ.ಗಿಟ್ ಒಳಗೆ ಹೋಗಿ 'ಗಿಟ್ ಸಿಂಬಾಲಿಕ್-ರೆಫ್ ಹೆಡ್ ರೆಫ್ಸ್/ಹೆಡ್ಸ್/ಮೇನ್' ಹೊಡೆಯಿರಿ. ಇಲ್ಲಿ 'ಹೆಡ್' ದೊಡ್ಡಕ್ಷರದಲ್ಲಿರಲಿ.

ಇನ್ನೆರಡು ತೊಡಕು ಬರಬಹುದು. ಒಂದು, 'ಡ್ಯೂಬಿಯಸ್ ಓನರ್‌ಶಿಪ್' ಎಂಬ ಎರರ್. ಪೆನ್ ಡ್ರೈವಿನ ಎಕ್ಸ್‌ಫ್ಯಾಟ್, ಫ್ಯಾಟ್32 ಮಾದರಿಗಳು ಫೈಲು ಯಾರದೆಂದು ದಾಖಲಿಸುವುದಿಲ್ಲ, ಹಾಗಾಗಿ ಗಿಟ್‌ಗೆ ಅನುಮಾನ. 'ಗಿಟ್ ಕಾನ್‌ಫಿಗ್ --ಗ್ಲೋಬಲ್ --ಆಡ್ ಸೇಫ್.ಡೈರೆಕ್ಟರಿ ಇ:/ತೂಕ.ಗಿಟ್' ಎಂದರೆ ಸರಿಹೋಗುತ್ತದೆ. ಎರಡು, ಇನ್ನೊಂದು ದಿನ ಪೆನ್ ಡ್ರೈವ್ ಎಫ್: ಎಂದು ಬರುತ್ತದೆ. 'ಗಿಟ್ ರಿಮೋಟ್ ಸೆಟ್-ಯುಆರ್‌ಎಲ್' ಬಳಸಿ ದಾರಿ ತಿದ್ದಿ, ಇಲ್ಲವೇ ವಿಂಡೋಸ್‌ನಲ್ಲಿ ಡ್ರೈವಿಗೆ ಖಾಯಂ ಅಕ್ಷರ ಕೊಡಿ. ತೆಗೆಯುವಾಗ 'ಸೇಫ್ಲಿ ರಿಮೂವ್' ಮರೆಯಬೇಡಿ. ಪುಶ್ ಅರ್ಧಕ್ಕೆ ಕಿತ್ತರೆ ಬೇರ್ ರೆಪೊ ಕೆಡಬಹುದು. ಕೆಟ್ಟರೂ ಕಮಿಟ್ ಆದದ್ದೆಲ್ಲ ಅದನ್ನು ಮಾಡಿದ ಕಂಪ್ಯೂಟರಿನಲ್ಲಿ ಇರುತ್ತದೆ, ಹೊಸ ಬೇರ್ ರೆಪೊ ಮಾಡಿ ಪುಶ್ ಮಾಡಿದರೆ ಮುಗಿಯಿತು.

ಪ್ರಶ್ನೆ: ಗಿಟ್‌ಹಬ್‌ನಲ್ಲಿ ಡಿಲೀಟ್ ಮಾಡಿದ ಬ್ರಾಂಚುಗಳು ನನ್ನ 'ಗಿಟ್ ಬ್ರಾಂಚ್ -ಎ' ಪಟ್ಟಿಯಲ್ಲಿ ಇನ್ನೂ ಕೂತಿವೆ. ಈಗ ಫೆಚ್ ಕೂಡ 'ಕೆನಾಟ್ ಲಾಕ್ ರೆಫ್' ಅನ್ನುತ್ತಿದೆ.
ಸಿಂಧನೂರು

ಸರ್ವರಿನಲ್ಲಿ ಅಳಿಸಿದರೆ ನಿಮ್ಮ ಚೀಟಿ ಹರಿಯುವುದಿಲ್ಲ. ಬರೀ ಫೆಚ್ ಹೊಸದನ್ನು ಸೇರಿಸುತ್ತದೆ, ಹಳೆಯದನ್ನು ತೆಗೆಯುವುದಿಲ್ಲ. 'ಗಿಟ್ ಫೆಚ್ --ಪ್ರೂನ್' ತೆಗೆಯುತ್ತದೆ. ನಿಮ್ಮ ಎರರಿಗೂ ಮದ್ದು ಇದೇ. ಬ್ರಾಂಚುಗಳು ಫೈಲುಗಳೆಂದು ಮೇಲೆ ಹೇಳಿದೆವಲ್ಲ? ಮೊದಲು 'ಬಿಲ್' ಎಂಬ ಬ್ರಾಂಚಿತ್ತು, ಅದನ್ನು ಅಳಿಸಿ ಯಾರೋ 'ಬಿಲ್/ಜಿಎಸ್‌ಟಿ' ಎಂದು ಮಾಡಿದರು. ಸರ್ವರಿಗೆ ತೊಂದರೆಯಿಲ್ಲ. ನಿಮ್ಮಲ್ಲಿ ಮಾತ್ರ 'ಬಿಲ್' ಎಂಬ ಫೈಲು ಹಾಗೇ ಇದೆ, ಅದೇ ಹೆಸರಿನ ಫೋಲ್ಡರ್ ಹೇಗೆ ಮಾಡುವುದು? ಅದಕ್ಕೆ ಲಾಕ್ ಆಗುತ್ತಿಲ್ಲ ಎನ್ನುತ್ತದೆ.

ಪ್ರೂನ್ ತೆಗೆಯುವುದು ಚೀಟಿಗಳನ್ನಷ್ಟೇ, ನಿಮ್ಮ ಸ್ವಂತ ಬ್ರಾಂಚನ್ನು ಮುಟ್ಟುವುದಿಲ್ಲ. '-ವಿವಿ' ಪಟ್ಟಿಯಲ್ಲಿ ಅಂಥವುಗಳ ಮುಂದೆ 'ಗಾನ್' ಎಂದಿರುತ್ತದೆ. ಅವನ್ನು 'ಗಿಟ್ ಬ್ರಾಂಚ್ -ಡಿ' ಹಾಕಿ ಅಳಿಸಿ, ಸಣ್ಣ ಡಿ. ಸ್ಕ್ವಾಶ್ ಮರ್ಜ್ (ಹಲವು ಕಮಿಟ್ ಕೂಡಿಸಿ ಒಂದೇ ಮಾಡಿ ಸೇರಿಸುವುದು) ಮಾಡಿದ್ದರೆ 'ನಾಟ್ ಫುಲ್ಲಿ ಮರ್ಜ್ಡ್' ಎಂದು ತಕರಾರು ತೆಗೆಯುತ್ತದೆ, ಯಾಕೆಂದರೆ ಮೇನ್‌ನಲ್ಲಿರುವುದು ಬೇರೆ ಗುರುತಿನ ಹೊಸ ಕಮಿಟ್. ಕೆಲಸ ಮೇನ್‌ಗೆ ಸೇರಿದ್ದು ಖಚಿತವಿದ್ದರೆ ಮಾತ್ರ ದೊಡ್ಡ ಡಿ.

ಪ್ರಶ್ನೆ: ಜೀನ್ಸ್ ಘಟಕದ ಸ್ಟಾಕ್ ಸಾಫ್ಟ್‌ವೇರ್. ರಿಬೇಸ್ ಮಾಡಿ '--ಫೋರ್ಸ್' ಪುಶ್ ಕೊಟ್ಟೆ. ಜೊತೆಗಾರನ ಎರಡು ಕಮಿಟ್ ಮಾಯ. ಸಿಗುತ್ತವಾ ಸರ್?
ಬಳ್ಳಾರಿ

ಅವರಿಗೆ ಈಗಲೇ ಫೋನ್ ಮಾಡಿ, ಪುಲ್ ಮಾಡಬೇಡಿ, 'ರಿಸೆಟ್ --ಹಾರ್ಡ್' ಅಂತೂ ಬೇಡವೇ ಬೇಡ ಎಂದು ಹೇಳಿ. ಅವರ ಕಂಪ್ಯೂಟರಿನ ಮೇನ್ ಇನ್ನೂ ಆ ಎರಡು ಕಮಿಟಿನ ಮೇಲೇ ನಿಂತಿದೆ. ಅವರು 'ಗಿಟ್ ಬ್ರಾಂಚ್ ಉಳಿಕೆ ಮೇನ್' ಹೊಡೆದು 'ಗಿಟ್ ಪುಶ್ ಒರಿಜಿನ್ ಉಳಿಕೆ' ಎಂದರೆ ಕಮಿಟುಗಳು ಸರ್ವರಿಗೆ ಬರುತ್ತವೆ. ನೀವು ಫೆಚ್ ಮಾಡಿ, ಆ ಎರಡನ್ನೂ ಹಳೆಯದು ಮೊದಲಾಗಿ 'ಗಿಟ್ ಚೆರಿ-ಪಿಕ್' ಮಾಡಿ ನಿಮ್ಮ ಸಾಲಿಗೆ ಸೇರಿಸಿಕೊಳ್ಳಿ. ಅವರು ಸಿಗದಿದ್ದರೆ ನಿಮ್ಮಲ್ಲಿ 'ಗಿಟ್ ರೆಫ್‌ಲಾಗ್ ಶೋ ಒರಿಜಿನ್/ಮೇನ್' ನೋಡಿ, ಚೀಟಿಗೂ ತನ್ನದೇ ಚರಿತ್ರೆ ಇದೆ. ಫೋರ್ಸ್ ಕೊಡುವ ಮೊದಲು ಆ ಕಮಿಟುಗಳನ್ನು ಫೆಚ್ ಮಾಡಿದ್ದಿದ್ದರೆ ಅಲ್ಲಿ ಸಿಗುತ್ತವೆ. ಫೆಚ್ ಮಾಡದೇ ಇದ್ದರೆ ಇಲ್ಲ.

ಇನ್ನು ಮುಂದೆ, ಸರ್ವರಿನ ತುದಿ ಲೆಕ್ಕಿಸದೆ ತಳ್ಳುವ '--ಫೋರ್ಸ್' ಬದಲು '--ಫೋರ್ಸ್-ವಿತ್-ಲೀಸ್'. ಸರ್ವರಿನ ತುದಿ ನಿಮ್ಮ ಚೀಟಿಯಲ್ಲಿ ಇರುವಂತೆಯೇ ಇದ್ದರೆ ಮಾತ್ರ ಇದು ಪುಶ್ ಆಗುತ್ತದೆ. ನಡುವೆ ಯಾರಾದರೂ ಕಮಿಟ್ ಸೇರಿಸಿದ್ದರೆ 'ಸ್ಟೇಲ್ ಇನ್ಫೋ' ಎಂದು ನಿಲ್ಲುತ್ತದೆ. ಆದರೆ ಇಲ್ಲೊಂದು ಕಿಂಡಿ ಇದೆ. ಪ್ರೋಗ್ರಾಂ ಬರೆಯಲು ಬಳಸುವ ವಿಎಸ್ ಕೋಡ್‌ನಲ್ಲಿ ಆಟೋಫೆಚ್ ಆನ್ ಇದ್ದರೆ ಅದು ನಿಮಗೆ ತಿಳಿಯದಂತೆ ಚೀಟಿ ತಿದ್ದುತ್ತಿರುತ್ತದೆ. ಚೀಟಿ ಹೊಸದು, ನೀವು ಲಾಗ್ ನೋಡಿಲ್ಲ, ಲೀಸ್ ಮಾತ್ರ 'ಸರಿಯಿದೆ' ಅನ್ನುತ್ತದೆ. ಅದಕ್ಕಾಗಿ 2.30ರಿಂದ '--ಫೋರ್ಸ್-ಇಫ್-ಇನ್‌ಕ್ಲೂಡ್ಸ್' ಬಂದಿದೆ, ಎರಡನ್ನೂ ಒಟ್ಟಿಗೆ ಹಾಕಿ. ನಮ್ಮನ್ನು ಕೇಳಿದರೆ ಮೇನ್ ಮೇಲೆ ಫೋರ್ಸ್ ಅನ್ನೇ ಬಂದ್ ಮಾಡಿ. ಗಿಟ್‌ಹಬ್‌ನಲ್ಲಿ ಬ್ರಾಂಚ್ ಪ್ರೊಟೆಕ್ಷನ್, ನಿಮ್ಮದೇ ಬೇರ್ ರೆಪೊ ಆದರೆ ಅದರೊಳಗೆ 'ಗಿಟ್ ಕಾನ್‌ಫಿಗ್ ರಿಸೀವ್.ಡಿನೈನಾನ್‌ಫಾಸ್ಟ್‌ಫಾರ್ವರ್ಡ್ಸ್ ಟ್ರೂ'.

ಪ್ರಶ್ನೆ: ಹಳೆಯ ರೆಪೊದ 'ಮಾಸ್ಟರ್' ಹೆಸರನ್ನು 'ಮೇನ್' ಮಾಡಬೇಕು. ಎಲ್ಲರ ಕಂಪ್ಯೂಟರಿನಲ್ಲೂ ತಾನೇ ಬದಲಾಗುತ್ತದೆಯೇ?
ಮಾನ್ವಿ

ಇಲ್ಲ. 2014ರ ನವೆಂಬರ್ 1ರಂದು ಬಳ್ಳಾರಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು, ಬೋರ್ಡುಗಳನ್ನು ಒಂದೊಂದಾಗಿ ಯಾರೋ ಬರೆಸಲೇಬೇಕಾಯಿತು. ಹಾಗೆಯೇ ಇದೂ. ಒಬ್ಬರು 'ಗಿಟ್ ಬ್ರಾಂಚ್ -ಎಂ ಮಾಸ್ಟರ್ ಮೇನ್', 'ಗಿಟ್ ಪುಶ್ -ಯು ಒರಿಜಿನ್ ಮೇನ್' ಮಾಡಲಿ. ಆಮೇಲೆ ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಬ್ರಾಂಚ್ ಮೇನ್ ಆಗಲಿ, ಅದಾದ ನಂತರವೇ 'ಗಿಟ್ ಪುಶ್ ಒರಿಜಿನ್ --ಡಿಲೀಟ್ ಮಾಸ್ಟರ್'. ಕ್ರಮ ತಪ್ಪಿಸಿದರೆ ಡೀಫಾಲ್ಟ್ ಬ್ರಾಂಚನ್ನು ಅಳಿಸಲು ಸರ್ವರ್ ಬಿಡುವುದಿಲ್ಲ. ಉಳಿದ ಪ್ರತಿಯೊಬ್ಬರೂ ನಾಲ್ಕು ಕಮಾಂಡ್ ಹೊಡೆಯಬೇಕು: 'ಗಿಟ್ ಫೆಚ್ --ಪ್ರೂನ್', 'ಗಿಟ್ ಬ್ರಾಂಚ್ -ಎಂ ಮಾಸ್ಟರ್ ಮೇನ್', 'ಗಿಟ್ ಬ್ರಾಂಚ್ -ಯು ಒರಿಜಿನ್/ಮೇನ್ ಮೇನ್', 'ಗಿಟ್ ರಿಮೋಟ್ ಸೆಟ್-ಹೆಡ್ ಒರಿಜಿನ್ -ಎ'. ಒಬ್ಬರು ಮರೆತು ಹಳೆಯ ಮಾಸ್ಟರ್ ಪುಶ್ ಮಾಡಿದರೂ ಸರ್ವರಿನಲ್ಲಿ ಅದು ಮತ್ತೆ ಎದ್ದು ಕೂರುತ್ತದೆ.

ಪ್ರಶ್ನೆ: ಬ್ರಾಂಚಿಗೆ ಕನ್ನಡದಲ್ಲಿ ಹೆಸರಿಡಬಹುದಾ? ಕನ್ನಡ ಹೆಸರಿನ ಫೈಲು ಸ್ಟೇಟಸ್‌ನಲ್ಲಿ ಬರೀ ಅಂಕಿಗಳಾಗಿ ಕಾಣುತ್ತವೆ.
ಕುಷ್ಟಗಿ

ಇಡಬಹುದು. ಗಿಟ್‌ನ ನಿಯಮದಲ್ಲಿ ಅಡ್ಡಿಯಿಲ್ಲ, ಹೆಸರಿನ ನಡುವೆ ಖಾಲಿ ಜಾಗ ಇರಬಾರದು. ಆದರೆ ವಿಂಡೋಸ್ ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆದು ಕಾಣುವುದುಂಟು, ಕೀಬೋರ್ಡ್ ಬದಲಿಸುತ್ತ ಕಮಾಂಡ್ ಹೊಡೆಯುವುದೂ ಬೇಸರದ ಕೆಲಸ. ಬ್ರಾಂಚಿಗೆ ಸಣ್ಣ ಇಂಗ್ಲಿಷ್ ಅಕ್ಷರ ಇಟ್ಟು ಕಮಿಟ್ ಸಂದೇಶವನ್ನು ಕನ್ನಡದಲ್ಲಿ ಬರೆಯುವುದು ಅನುಕೂಲ. ಸಣ್ಣಕ್ಷರ ಯಾಕೆಂದರೆ ವಿಂಡೋಸ್‌ನಲ್ಲಿ ದೊಡ್ಡ ಬಿ, ಸಣ್ಣ ಬಿ ಫೈಲು ಹೆಸರಿನ ಮಟ್ಟಿಗೆ ಒಂದೇ. ಸರ್ವರಿಗೆ ಅವು ಎರಡು ಬ್ರಾಂಚುಗಳಾದರೆ ನಿಮ್ಮಲ್ಲಿ ಒಂದರ ಚೀಟಿ ಇನ್ನೊಂದರ ಮೇಲೆ ಬೀಳುತ್ತದೆ. ಫೈಲು ಹೆಸರಿನ ಅಂಕಿಗಳು ಹೋಗಲು 'ಗಿಟ್ ಕಾನ್‌ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್'.